ಸೊನ್ನದಾಗ ಖೂನಾತು

ಆಳಂದದ ಬಸ್ ನಿಲ್ದಾಣದಲ್ಲಿ ಬಾಳೆಹಣ್ಣು ಮಾರುವ ಅಜ್ಜಿಯ ಮೂಗಿನ ಕೆಳಗೆ ಮೈಕು ಹಿಡಿದು ನಾನು ಕೇಳಿದ ಮೊದಲ ಪ್ರಶ್ನೆಯೇ ದಾರಿ ತಪ್ಪಿತು.

"ಯಮ್ಮಾ, ಈಗ ಎಲ್ಲಿ ನೋಡಿದ್ರೂ ಮಂದಿ ಖೂನ್ ಖೂನ್ ಅಂತಾರ. ನಿಮಗ ಹ್ಯಾಂಗ ಅನಸ್ತದ?"

"ನನಗ್ಯಾರ ಖೂನ ಅದನೋ ಯಪ್ಪಾ ಇಲ್ಲಿ? ಬರ್ತಾರ, ಹಣ್ಣ ತೊಗೊಂತಾರ, ಹೋಗ್ತಾರ. ನಿಂದೂ ಖೂನ ಹತ್ತಲಿಲ್ಲ. ಯಾರ ಮಗನೋ ನೀ?"

ಕ್ಯಾಮೆರಾ ಹಿಡಿದಿದ್ದ ಗೆಳೆಯ ನಗಲು ಹೋಗಿ ಅಜ್ಜಿಯ ಮುಖದ ಬದಲು ಬಸ್ಸಿನ ಗಾಲಿ ಚಿತ್ರಿಸಿದ. ಬೇರೆ ಕಡೆಯ ಓದುಗರಿಗೆ ಹೇಳಬೇಕು: ನಮ್ಮಲ್ಲಿ ಖೂನ್ ಎಂದರೆ ಕೊಲೆ, ಖೂನ ಎಂದರೆ ಗುರುತು, ಪರಿಚಯ. ಒಂದು ಉರ್ದು ಕಡೆಯಿಂದ ಬಂತು, ಇನ್ನೊಂದು ಮರಾಠಿ ಕಡೆಯಿಂದ. ಎರಡೂ ನಮ್ಮ ಬಾಯಲ್ಲೇ ಬಾಡಿಗೆ ಹಿಡಿದುಕೊಂಡು ಒಂದೇ ಬಾಗಿಲಿಂದ ಓಡಾಡುತ್ತವೆ. ಇಷ್ಟು ವರ್ಷ ಜಗಳವಾಡಿದ್ದಿಲ್ಲ.

ನನಗೆ ಒಂದು ರೋಗವಿದೆ. ಯಾರು ಮಾತಾಡಿದರೂ ಅದೇ ಧ್ವನಿಯಲ್ಲಿ ತಿರುಗಿ ಹೇಳದಿದ್ದರೆ ಗಂಟಲು ಕೆರೆಯುತ್ತದೆ. "ಯಾರ ಮಗನೋ ನೀ?" ಎಂದು ಅಜ್ಜಿಯ ಬೊಚ್ಚು ಬಾಯಲ್ಲೇ ಅಜ್ಜಿಗೆ ಕೇಳಿದೆ. ಆಕೆ ಒಂದು ಕೊಳೆತ ಹಣ್ಣು ಎತ್ತಿ, "ಅಣಕಸ್ತಿಯೇನಲೇ ಭಾಡ್ಯಾ!" ಎಂದು ಎಸೆದಳು. ಗುರಿ ಚೆನ್ನಾಗಿತ್ತು.

ಈ ರೋಗದಿಂದಲೇ ನನ್ನ ಅನ್ನ ನಡೆಯುತ್ತದೆ. ನಮ್ಮದು ಮೊಬೈಲಿನಲ್ಲಿ ಬರುವ ಸಣ್ಣ ಸುದ್ದಿ ವಾಹಿನಿ. ಅದರಲ್ಲಿ ಸಂಜೆ ಹೊತ್ತು ಬರುವ ಅಪರಾಧ ಸುದ್ದಿಗೆ ಗುಡುಗಿನಂಥ ಧ್ವನಿಯೊಂದಿದೆ. ಅದು ನಾನು. ಕೇಳಿದವರು ಆರಡಿಯ ಮೀಸೆಯ ಆಸಾಮಿಯನ್ನು ಕಲ್ಪಿಸಿಕೊಂಡು ನೋಡಲು ಬರುತ್ತಾರೆ, ಬಂದು, ಮೀಸೆ ಇನ್ನೂ ಅರ್ಜಿ ಹಾಕಿಕೊಂಡಿರುವ ನನ್ನ ಮುಖ ನೋಡಿ, "ಅವರು ಒಳಗ ಅದಾರೇನು?" ಎಂದು ಕೇಳುತ್ತಾರೆ. ನನ್ನ ಸ್ವಂತ ಧ್ವನಿ ಕೀರಲು. ಅದಕ್ಕೆ ಗಿರಾಕಿ ಇಲ್ಲ.

ಆ ವಾರ ದೇಶದಲ್ಲಿ ನಡೆಯುವ ಕೊಲೆಗಳ ಬಗ್ಗೆ ಯಾವುದೋ ದೊಡ್ಡ ವರದಿ ಬಂದಿತ್ತು. ನಾನು ಓದಿ ನೋಡಿದೆ. ಹಿಂದಿನ ವರ್ಷಗಳಿಗೆ ಹೋಲಿಸಿದರೆ ಹೆಚ್ಚೇನೂ ಆಗಿಲ್ಲ, ಅಷ್ಟಿಷ್ಟು ಇಳಿದಂತೆಯೇ ಇದೆ ಎಂಬುದು ಅದರ ಸಾರ. ಸಂಪಾದಕರಿಗೆ ಹಾಗೆಯೇ ಹೇಳಿದೆ. ಅವರು ಕನ್ನಡಕ ಹಣೆಗೇರಿಸಿದರು.

"ಇಳದದ್ದು ಸುದ್ದಿ ಅಲ್ಲೋ ತಮ್ಮಾ. ಮಳಿ ಬಂದದ್ದು ಬರೀತಾರ, ನಿಂತದ್ದು ಯಾರರ ಬರೀತಾರೇನು?"

"ಮತ್ತ ಏನ್ ಮಾಡೂಣ್ರಿ?"

"ಕೊಲಿ ಇಳದಿದ್ರ ಇಳೀಲಿ. ಮಂದಿ ಹೆದರಿಕಿ ಇಳದದೇನು? ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಿರುಗು. ಹೆದರಿಕಿ ತೊಗೊಂಡ ಬಾ."

ಮಾರುಕಟ್ಟೆಗೆ ಹೋಗಿ ಮೆಂತ್ಯೆ ಸೊಪ್ಪು ತಾ ಎಂದ ಹಾಗೆ. ಹೊರಟೆವು. ನನ್ನ ಬೈಕು, ಗೆಳೆಯನ ಕ್ಯಾಮೆರಾ, ಗಾಳಿ ತಡೆಯಲು ಸ್ಪಂಜು ತೊಡಿಸಿದ ಮೈಕು.

ಮಂದಿಯನ್ನು ಮಾತಾಡಿಸುವುದಕ್ಕೂ ಒಂದು ಪದ್ಧತಿ ಇದೆ. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ವೇಷದಲ್ಲಿ ಮೂರು ಸಲ ಕೇಳಬೇಕು. ಮೊದಲ ಉತ್ತರ ಟಿವಿಯದು. ಎರಡನೆಯದು ಪಕ್ಕದ ಊರಿನದು. ಮೂರನೆಯದಷ್ಟೇ ಅವರದು. ಆಳಂದದ ಕಟಿಂಗ್ ಅಂಗಡಿಯವ ಕತ್ತರಿ ನಿಲ್ಲಿಸದೆ ಹೇಳಿದ: "ನಮ್ಮಲ್ಲಿ ಏನಿಲ್ರಿ. ಎಲ್ಲಾ ಅಫಜಲಪುರ ಕಡೆ, ಹೊಳಿ ದಂಡಿಗೆ." ಅಫಜಲಪುರದಲ್ಲಿ ಹತ್ತಿ ತೂಗಿಸಲು ಬಂದಿದ್ದವರು ಹೇಳಿದರು: "ನಾವು ಸೌಮ್ಯ ಮಂದ್ಯಾರ್ರಿ. ಹೊಳಿ ಆಚಿ ಜೇವರ್ಗಿ ಕಡೆ ನೋಡ್ರಿ." ಮರುದಿನ ಜೇವರ್ಗಿಯಲ್ಲಿ ಚಪ್ಪಲಿ ಅಂಗಡಿಯವರು ಹೇಳಿದರು: "ಅದೆಲ್ಲಾ ಆಳಂದ ಕಡೆ. ರಾಜ್ಯದ ಗಡಿ ಅಲಾ? ಮಾಡ್ತಾರ, ಆಚಿ ಹಾರ್ತಾರ." ಹೀಗೆ ಕೊಲೆಗಾರರು ಮೂರು ತಾಲೂಕು ಸುತ್ತಿ, ಯಾರ ತಾಲೂಕಿಗೂ ಸೇರದೆ, ನಮ್ಮ ಬೈಕಿನ ಹಿಂದೆಯೇ ಎಲ್ಲೋ ಬರುತ್ತಿದ್ದರು.

ಮೂರನೆಯ ಉತ್ತರ ಸಿಕ್ಕಿದ್ದು ಅಫಜಲಪುರದ ಆಟೊ ಚಾಲಕರೊಬ್ಬರಿಂದ. ಅವರ ಮಗಳು ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. "ಏನೂ ಆಗಿಲ್ರಿ ಇಲ್ಲೀತನಕ. ಆದ್ರ ಆಕಿ ಫೋನ್ ಎತ್ತಲಿಲ್ಲಂದ್ರ ನನ್ನ ಕಾಲು ನಿಲ್ಲಂಗಿಲ್ಲ. ಮೊಬೈಲ್‍ದಾಗ ನೋಡ್ತೇನಲ್ಲ, ದಿನಾ ಯಾರೋ ಒಬ್ಬಾವ ದಪ್ಪ ದನಿಲೇ ಒದರ್ತಾನ. ಕೇಳಿದ ಮ್ಯಾಲ ಅನ್ನ ಇಳ್ಯಂಗಿಲ್ಲ."

ಗೆಳೆಯ ನನ್ನ ಬೆನ್ನಿಗೆ ಚಿವುಟಿದ. ನಾನು ನನ್ನ ಕೀರಲು ಧ್ವನಿಯಲ್ಲಿ, "ಅಂಥಾವ್ರಿಗೆ ಬುದ್ಧಿ ಇಲ್ರಿ" ಎಂದೆ.

ಜೇವರ್ಗಿಯಲ್ಲಿ ಚಹಾ ಕುಡಿಯುತ್ತ ಕೂತಾಗ ಗೆಳೆಯನ ಮೊಬೈಲು ಬಡಿದುಕೊಳ್ಳತೊಡಗಿತು. ಒಂದಲ್ಲ, ಇದ್ದಬದ್ದ ಗುಂಪುಗಳಲ್ಲೆಲ್ಲ ಒಂದೇ ಧ್ವನಿಸಂದೇಶ. ಹಿನ್ನೆಲೆಯಲ್ಲಿ ಭೋರೆಂದು ಗಾಳಿ, ನೀರು. ನಡುವೆ ಒಬ್ಬ ಹಿರಿಯರ ಧ್ವನಿ:

"ತಂಗೀ, ಸೊನ್ನದಾಗ ನಮ್ಮ ಹುಡುಗಂದು ಖೂನಾತು. ಆ ಟ್ರ್ಯಾಕ್ಟರ್ ಹುಡುಗ ಸಂಗಾಟ ಇದ್ದನಂತ. ನಾ ಮುಂದ ಹೋಗ್ತೇನಿ. ಚಾರ್ಜ್ ಇಲ್ಲ, ಆಮ್ಯಾಲ ಮಾತಾಡ್ತೇನಿ."

ಸಂದೇಶದ ಜೊತೆಗೆ ಕಥೆಯೂ ಬಂದಿತ್ತು. ಜೇವರ್ಗಿ ತಾಲೂಕಿನ ಒಂದು ಹಳ್ಳಿಯ ಯುವಕ ತಂದೆಯ ಜೊತೆ ಜಗಳವಾಡಿ ಕೆಲವು ದಿನಗಳ ಹಿಂದೆ ಮನೆ ಬಿಟ್ಟಿದ್ದಾನೆ. ಅವನನ್ನು ಕೊನೆಗೆ ನೋಡಿದ್ದು ಅದೇ ಹಳ್ಳಿಯ ಟ್ರ್ಯಾಕ್ಟರ್ ಚಾಲಕನ ಬೈಕಿನ ಮೇಲೆ. ಆಳಂದ ಕಡೆಯ ಸೋದರಮಾವ ಫೋಟೋ ಹಿಡಿದು ಹುಡುಕುತ್ತ ಅಫಜಲಪುರ ದಾಟಿ ಭೀಮಾ ನದಿಯ ಸೊನ್ನ ಬ್ಯಾರೇಜಿಗೆ ಹೋಗಿದ್ದಾರೆ. ಅಲ್ಲಿಂದ ತಂಗಿಗೆ, ಅಂದರೆ ಆ ಯುವಕನ ತಾಯಿಗೆ, ಕಳಿಸಿದ ಸಂದೇಶ ಇದು. ಮನೆಯಲ್ಲಿ ಕೇಳಿದವರು ಯಾರೋ ಗುಂಪಿಗೆ ದೂಡಿದ್ದರು.

ಸಂಪಾದಕರ ಕರೆ ಬಂತು. ಅವರ ಉಸಿರು ಓಡುತ್ತಿತ್ತು. "ಆ ಹಳ್ಳಿ ನೀವು ಕುಂತಲ್ಲಿಂದ ಹತ್ರ ಅದ. ಹೋಗ್ರಿ. ಸಂಜಿ ಸುದ್ದಿಗೆ ಬೇಕು. ಮತ್ತ ಆ ಸಂದೇಶದಾಗ ಗಾಳಿ ಭಾಳ ಅದ, ತಿಳ್ಯಂಗಿಲ್ಲ. ಅದನ್ನ ನೀನ ಮಾಡಿ ಹಾಕು."

ಇದು ನಮ್ಮ ಕೆಲಸದ ರೂಢಿ. ಮೂಲದ ಧ್ವನಿ ಕೆಟ್ಟಿದ್ದರೆ ಅದೇ ಮಾತನ್ನು ನಾನು ಅದೇ ಧ್ವನಿಯಲ್ಲಿ ಮತ್ತೆ ಹೇಳುತ್ತೇನೆ. ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ 'ಮರುಧ್ವನಿ' ಎಂದು ಬರೆದಿರುತ್ತದೆ. ಇರುವೆಗಳು ಓದುತ್ತವೆ.

ಹಳ್ಳಿಗೆ ಮುಟ್ಟಿದಾಗ ಬಿಸಿಲು ವಾಲಿತ್ತು. ಟ್ರ್ಯಾಕ್ಟರ್ ಚಾಲಕನ ಮನೆ ಎದುರು ಮಂದಿ ನೆರೆದಿದ್ದರು. ಕೂಗಾಟವಿರಲಿಲ್ಲ. ಅದೇ ನನಗೆ ಹಿಡಿಸಲಿಲ್ಲ. ಕೂಗುವ ಮಂದಿಯನ್ನು ನಾನು ನಗಿಸಬಲ್ಲೆ. ಸುಮ್ಮನೆ ಕೂತವರನ್ನು ಏನು ಮಾಡುವುದು? ಕಾಣೆಯಾದವನ ತಂದೆ ಕಟ್ಟೆಯ ಮೇಲೆ ಕೂತಿದ್ದ. ತೊಡೆಯ ಮೇಲೆ ಕಬ್ಬು ಕಡಿಯುವ ಕೊಯ್ತಾ.

"ಎಲ್ಲಿ ಹೋಗ್ಯಾನ್ರಿ ಅವ?" ಎಂದು ಕೇಳಿದೆ.

"ಕಾರ್ಖಾನಿಗೆ. ಕಬ್ಬಿನ ಲೋಡ್ ಒಯ್ದಾನ. ಬರ್ತಾನ." ತಂದೆ ನನ್ನ ಕಡೆ ನೋಡದೆ ಹೇಳಿದ. "ನೀವೂ ಕುಂದರ್ರಿ. ಚಿತ್ರ ತೆಗೀರಿ."

ಊಟಕ್ಕೆ ಕೂತವರು ಬಂದವರನ್ನು ಕರೆಯುವ ಮರ್ಯಾದೆ ಆ ಮಾತಿನಲ್ಲಿತ್ತು. ಹಿಂದಿನ ದಿನದಿಂದ ನಾವು ಕೊಲೆ ಮಾಡುವವರು ಯಾರು ಎಂದು ಕೇಳುತ್ತ ತಿರುಗಿದ್ದೆವು. ಎಲ್ಲರೂ ಪಕ್ಕದ ತಾಲೂಕು ತೋರಿಸಿದ್ದರು. ಈಗ ಒಬ್ಬ ನನಗೆ ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟು ಸರಿದು ಕೂತ.

ಚಾಲಕನ ಮನೆಯ ಬಾಗಿಲು ಮುಚ್ಚಿತ್ತು. ಕಿಟಕಿಯ ಸರಳಿನ ಹಿಂದೆ ಅವನ ತಾಯಿಯ ಮುಖ. "ಯಣ್ಣಾ, ಅವಗ ಫೋನ್ ಹಚ್ರೋ," ಎಂದಳು ನನಗೆ, ಪಿಸುಮಾತಿನಲ್ಲಿ. "ಊರಿಗಿ ಬರಬ್ಯಾಡ ಅನ್ರೋ." ಹಚ್ಚಿದೆ. ರಿಂಗಾಯಿತು, ರಿಂಗಾಯಿತು, ನಿಂತಿತು. ಮತ್ತೆ ಹಚ್ಚಿದೆ. ಕಬ್ಬಿನ ಟ್ರ್ಯಾಕ್ಟರಿನವರು ಹಾಡು ಹಚ್ಚಿದರೆಂದರೆ ಹಿಂದೆ ಆನೆ ಬಂದರೂ ಕೇಳುವುದಿಲ್ಲ. ಸೋದರಮಾವನಿಗೆ ಹಚ್ಚಿದೆ. ಸ್ವಿಚ್ ಆಫ್. ಪೊಲೀಸರಿಗೆ ಹಚ್ಚಿದೆ. ಜಮಾದಾರರು ಎತ್ತಿದರು.

"ಸೊನ್ನದಾಗ ಹೆಣ ಸಿಕ್ಕದ್ದು ನಮಗ್ಯಾರೂ ತಿಳಿಸಿಲ್ಲ. ಮಂದಿ ನೆರದದ್ದು ಗೊತ್ತಾಗ್ಯದ, ಜೀಪ್ ಬಂದ ಕೂಡ್ಲೇ ಹೊಂಡ್ತೇವಿ. ಅಲ್ಲೀತನ ಮಾತಾಡ್ಸಿ ನಿಂದ್ರಸು. ಮತ್ತ ಆ ಲೈವ್ ಗೀವ್ ಮಾಡಿದಿ ಅಂದ್ರ ಮೊದಲ ನಿನ್ನ ಒಳಗ ಹಾಕ್ತೇನಿ."

ಕಟ್ಟೆಗೆ ಬಂದು, ಸೊನ್ನದಲ್ಲಿ ಹೆಣ ಸಿಕ್ಕಿಲ್ಲವಂತೆ ಎಂದೆ. "ಹೊಳಿಗಿ ಬಿಟ್ಟಿರ್ತಾರ," ಎಂದ ಒಬ್ಬ, ಮಳೆ ಬಂತೆಂದು ಹೇಳಿದಷ್ಟು ಸಲೀಸಾಗಿ. ಗೆಳೆಯ ತಾನಾಗಿಯೇ ಕ್ಯಾಮೆರಾ ಚೀಲದೊಳಗೆ ಹಾಕಿದ.

ಸಂಪಾದಕರು ಬಿಡಲಿಲ್ಲ. ಮರುಧ್ವನಿ ಎಲ್ಲಿ ಎಂದು ಮತ್ತೆ ಮತ್ತೆ ಕರೆ. ಸರಿ ಎಂದು ಶಾಲೆಯ ಗೋಡೆಯ ಹಿಂದೆ ಗಾಳಿ ಕಡಿಮೆ ಇರುವಲ್ಲಿ ಕೂತೆವು. ಮಾಡುವ ಮನಸ್ಸಿರಲಿಲ್ಲ, ಆದರೆ ಕೈಕಾಲು ಸುಮ್ಮನಿರಲು ಒಪ್ಪಲಿಲ್ಲ, ಏನಾದರೂ ಮಾಡಬೇಕಿತ್ತು.

ಒಬ್ಬರ ಧ್ವನಿ ಹಿಡಿಯುವಾಗ ಮೊದಲು ಮಾತು ಹಿಡಿಯಬಾರದು. ಹೊಸಬರು ಮಾಡುವ ತಪ್ಪು ಅದು. ಮೊದಲು ಉಸಿರು: ಎಲ್ಲಿ ಒಳಗೆ ಎಳೆಯುತ್ತಾರೆ, ಎಲ್ಲಿ ಬಿಡುತ್ತಾರೆ. ಆಮೇಲೆ ಬಾಯಿ ಎಷ್ಟು ತೆರೆಯುತ್ತಾರೆ, ನಾಲಿಗೆ ಎಲ್ಲಿ ಸೋಮಾರಿ. ಕೊನೆಗೆ ಮಾತು, ಅದು ತಾನೇ ಬಂದು ಕೂರುತ್ತದೆ. ಹೆಡ್‌ಫೋನ್ ಹಾಕಿ ಹಿರಿಯರ ಉಸಿರು ಕೇಳಿದೆ. ಎಡ ದವಡೆಯಲ್ಲಿ ತಂಬಾಕು. 'ತಂಗೀ' ಎನ್ನುವ ಮೊದಲು ಸಣ್ಣ ಓಟದ ಏದುಸಿರು. 'ಖೂನಾತು' ಎಂಬಲ್ಲಿ ಕೊನೆಯ 'ತು' ಮೇಲಕ್ಕೆ ಹಾರುತ್ತದೆ. ಅದಾದ ಮೇಲೆ ಉಸಿರು ಪೂರ್ತಿ ಹೊರಗೆ, ಹೊತ್ತ ಮೂಟೆ ಇಳಿಸಿದಂತೆ.

ನಾನು ಸುದ್ದಿಗೆ ಬೇಕಾದಂತೆ, ಅಳು ಸೇರಿಸಿ ಹೇಳಿದೆ. ಕೂರಲಿಲ್ಲ. ಮತ್ತೆ ಹೇಳಿದೆ. ದುಃಖ ಹಾಕಿದರೆ ಆ ಧ್ವನಿ ಕೈ ಬಿಟ್ಟುಹೋಗುತ್ತದೆ, ಧ್ವನಿ ಹಿಡಿದರೆ ದುಃಖ ಜಾರುತ್ತದೆ. ಎರಡನ್ನೂ ಒಂದೇ ಬಾಯಲ್ಲಿ ಹಿಡಿಯಲು ಆಗುತ್ತಿಲ್ಲ. ನನಗೆ ಹೀಗೆ ಎಂದೂ ಆಗಿರಲಿಲ್ಲ. ಕೊನೆಗೆ ಎಲ್ಲ ಬಿಟ್ಟು, ಅವರು ಹೇಳಿದ ಹಾಗೆಯೇ, 'ತು' ಹಾರಿಸಿ, ಉಸಿರು ಇಳಿಸಿ ಹೇಳಿದೆ. ಹೇಳಿದ ಮೇಲೆ ನನ್ನ ಮುಖದಲ್ಲಿ ನಗು ಇತ್ತು.

"ಯಾಕ ನಗಾಕತ್ತೀಲೇ?" ಎಂದ ಗೆಳೆಯ.

"ನಾ ಅಲ್ಲೋ. ಆ ಮಾವ ನಗಾಕತ್ತಾನ."

ಆಗ ಹೊಳೆಯಿತು. ಖೂನ್ ಆತು, ಖೂನ ಆತು. ಬೇಗ ಹೇಳಿದರೆ ಎರಡೂ ಖೂನಾತು. ಫೋಟೋ ಹಿಡಿದು ಊರೂರು ತಿರುಗಿದ ಮನುಷ್ಯನಿಗೆ ಯಾರೋ, 'ಹೌದು, ಈ ಹುಡುಗನನ್ನು ನೋಡಿದ್ದೇನೆ' ಎಂದಿರಬೇಕು. ಗುರುತು ಹತ್ತಿತು ಎಂದು ತಂಗಿಗೆ ಹೇಳಿದ್ದಾರೆ. ಇಡೀ ತಾಲೂಕಿಗೆ ಎರಡೂ ಪದ ಗೊತ್ತು. ಆದರೂ ಒಬ್ಬರ ಕಿವಿಗೂ ಎರಡನೆಯದು ಬೀಳಲಿಲ್ಲ. ನನ್ನ ಕಿವಿಗೂ ಇಲ್ಲ, ಹಿಂದಿನ ದಿನವಷ್ಟೇ ಆ ಪದದ ಮೇಲೆ ಕೊಳೆತ ಹಣ್ಣಿನ ಏಟು ತಿಂದವನಿಗೂ.

ಗೆಳೆಯ ಎದ್ದು ನಿಂತ. "ಮತ್ತ ಇನ್ನೇನು? ಮಾವನ ದನಿ ಹಿಡದೀಯಲ್ಲ. ಹುಡುಗ ಚಲೋ ಅದಾನ, ಯಾರೂ ಗಾಬರಿ ಆಗಬ್ಯಾಡ್ರಿ ಅಂತ ಆ ದನಿದಾಗ ಹೇಳು. ಗುಂಪಿಗೆ ಬಿಡೂಣು. ಮಂದಿ ಮನೀಗಿ ಹೋಗ್ತಾರ."

ಹೇಳಿದೆ. ಒಂದೇ ಸಲಕ್ಕೆ ಬಂತು. ತಂಬಾಕು, ಏದುಸಿರು, ಎಲ್ಲ. ನನ್ನ ವೃತ್ತಿಜೀವನದ ಅತ್ಯುತ್ತಮ ಕೆಲಸ ಎಂದು ಈಗಲೂ ಹೇಳಬಲ್ಲೆ, ಕೇಳಿದವರು ಇಬ್ಬರೇ ಆದರೂ. ಕಳಿಸುವ ಗುಂಡಿಯ ಮೇಲೆ ಹೆಬ್ಬೆರಳಿಟ್ಟೆ.

ದೂರದಲ್ಲಿ ಎಲ್ಲೋ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ನಮ್ಮದಲ್ಲ, ಬೇರೆ ಕಡೆ ಹೋಯಿತು.

ಹೆಬ್ಬೆರಳು ಇಳಿಯಲಿಲ್ಲ. ಹುಡುಗ ಚೆನ್ನಾಗಿದ್ದಾನೆ ಎಂದು ನನಗೆ ಯಾರು ಹೇಳಿದರು? ಒಂದು 'ತು' ಹೇಳಿತು. ಅದು ಸುಳ್ಳಾಗಿದ್ದರೆ, ಒಬ್ಬ ತಾಯಿಗೆ ಆಕೆಯ ಅಣ್ಣನ ಬಾಯಿಂದಲೇ ನಾನು ಸುಳ್ಳು ಹೇಳಿದಂತೆ. ನಿಜವಾಗಿದ್ದರೂ, ಮುಂದೆ ಅಣ್ಣನೇ ಕರೆ ಮಾಡಿ ಹೇಳಿದಾಗ ಯಾವುದನ್ನು ನಂಬಬೇಕು ಆಕೆ? ಅಳಿಸಿಹಾಕಿದೆ. "ಲೇ ಹುಚ್ಚ!" ಎಂದು ಗೆಳೆಯ ತಲೆ ಮೇಲೆ ಕೈ ಹೊತ್ತ.

"ಕದ್ದು ಮಾಡೂದ ಬ್ಯಾಡ," ಎಂದೆ. "ಎದುರಿಗೇ ಮಾಡ್ತೇನಿ."

ಕಾಣೆಯಾದವನ ತಾಯಿಯ ಮನೆ ರಸ್ತೆಯ ಈಚೆ ಬದಿಗೆ, ಚಾಲಕನ ಮನೆಯ ಸರೀ ಎದುರಿಗೆ. ಆಕೆ ಹೆಂಗಸರ ನಡುವೆ ಗೋಡೆಗೆ ಆತು ಕೂತಿದ್ದಳು. ಅಳುತ್ತಿರಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ.

"ಯವ್ವಾ, ನಿಮ್ಮಣ್ಣನ ಮಾತು ಪೂರಾ ಕೇಳೀರೇನ್ರಿ?"

"ಖೂನ್ ಅಂದದ್ದು ಕೇಳಿದೆ. ಮುಂದ ಕಿವಿ ಮುಚ್ಚಿದವು."

"ಇನ್ನೊಮ್ಮಿ ಕೇಳ್ರಿ. ಹಚ್ಚಲೇನು?"

"ಬ್ಯಾಡ." ಪಕ್ಕದಲ್ಲಿದ್ದ ತನ್ನ ಮೊಬೈಲನ್ನು ದೂರ ತಳ್ಳಿದಳು. "ಆ ಮಾತು ಅವನ ಬಾಯಿಲೇ ಎರಡನೇ ಸಲ ಕೇಳಂಗಿಲ್ಲ ನಾ."

"ಹಂಗಾರ ನನ್ನ ಬಾಯಿಲೇ ಕೇಳ್ರಿ. ನಾ ಅಣಕಸಾವ ಇದ್ದೇನಿ. ನಿಮ್ಮಣ್ಣನ ಹಂಗ ಮಾಡಿ ತೋರಸ್ತೇನಿ. ನಾನ ಮಾಡಾಕತ್ತೇನಿ ಅನ್ನೂದು ನೆಪ್ಪಿರಲಿ."

ಒಬ್ಬ ಹೆಂಗಸು ಎದ್ದೇ ಬಿಟ್ಟಳು. "ಸತ್ತ ಮನ್ಯಾಗ ನಾಟಕ ಮಾಡಾಕ ಬಂದೀಯೇನ್ ಲೇ? ಹಲ್ಲ ಮುರೀತೇನಿ!"

"ಆಮ್ಯಾಲ ಮುರೀರಿ ಯಕ್ಕಾ. ಈಗ ಮಾತಿಗಿ ಬೇಕಾಗ್ಯಾವ."

ನಾನು ನೆಲದ ಮೇಲೆ ಕೂತೆ. ಮೊದಲು ದುಃಖದ್ದು ಮಾಡಿದೆ: ಸೋದರಳಿಯ ಸತ್ತಿದ್ದಾನೆ, ಮಾವ ಹೇಳುತ್ತಿದ್ದಾನೆ. ತಾಯಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ತಲೆ ಅಲ್ಲಾಡಿಸಿದಳು.

"ನಮ್ಮಣ್ಣ ಹಿಂಗ ಅಳಾವ ಅಲ್ಲ. ನಮ್ಮಪ್ಪ ಸತ್ತಾಗ ಅವನ ಬಾಯಾಗ ಒಂದು ಮಾತ ಹೊಂಡಲಿಲ್ಲ. ಬರೇ ಕೈ ಸನ್ನಿ ಮಾಡ್ತಿದ್ದ."

ಎರಡನೆಯದು ಮಾಡಿದೆ, ಸಂದೇಶದಲ್ಲಿದ್ದ ಹಾಗೆಯೇ. ಏದುಸಿರು, ತಂಗೀ, ಖೂನಾತು, ಮೂಟೆ ಇಳಿಸಿದ ಉಸಿರು.

ಸೆರಗು ಸುತ್ತುತ್ತಿದ್ದ ಬೆರಳು ನಿಂತಿತು.

"ಇನ್ನೊಮ್ಮಿ ಮಾಡು."

ಮಾಡಿದೆ.

"ಇದು..." ಎಂದು ತಡೆದಳು. "ಇದು ಅವ ಎತ್ತು ಹುಡುಕಿ ತಂದಾಗ ಒದರಿದಂಗ ಅದ. ಎತ್ತು ತಪ್ಪಿಸಿಕೊಂಡು ಹೋಗಿತ್ತು, ಸಿಕ್ಕಾಗ ಹಿಂಗ ಒದರಕೋತ ಬಂದಿದ್ದ." ಆಮೇಲೆ ಆಕೆ ತಾನೇ ಮೊಬೈಲು ಎಳೆದುಕೊಂಡಳು. ಅಣ್ಣನ ನಿಜವಾದ ಧ್ವನಿ ಆ ಕೋಣೆಯಲ್ಲಿ ಗಾಳಿಯ ಸಮೇತ ಕೇಳಿತು. ಆಕೆ ಕಣ್ಣು ಮುಚ್ಚಿ ಕೇಳಿದಳು. "ಖೂನ," ಎಂದಳು, ಬಿಡಿಸಿ. "ಖೂನ ಆತು ಅಂತಾನ. ಗುರ್ತ ಹತ್ಯದ."

ಹಲ್ಲು ಮುರಿಯಲು ಎದ್ದಿದ್ದ ಹೆಂಗಸು ಮೆಲ್ಲಗೆ ಹೇಳಿದಳು: "ಗುರ್ತ ಹತ್ತಿದ್ದು ಹೆಣದ್ದು ಇದ್ರ?"

ಇದು ನನಗೆ ಹೊಳೆದಿರಲೇ ಇಲ್ಲ. ಗೋಡೆಯ ಹಿಂದೆ ಕೂತು ಎಷ್ಟು ಜಾಣತನ ಮಾಡಿದ್ದೆನೋ ಎಲ್ಲ ಕಾಲಿನ ಕೆಳಗಿಂದ ಸರಿದಂತಾಯಿತು. ತಾಯಿ ಆಕೆಯನ್ನು ನೋಡಿದಳು, ನನ್ನನ್ನು ನೋಡಿದಳು. ಎದ್ದು, ಸೆರಗು ಸಿಕ್ಕಿಸಿ, ಹೊರಗೆ ನಡೆದಳು.

ರಸ್ತೆ ದಾಟಿ, ಮಂದಿಯ ನಡುವೆ ಹಾದು, ಗಂಡನ ಮುಂದೆ ನಿಂತಳು. "ಕೊಯ್ತಾ ಮನ್ಯಾಗ ಇಟ್ಟ ಬಾ."

"ನೀ ಒಳಗ ನಡಿ."

"ಅಣ್ಣ ಖೂನ ಹತ್ಯದ ಅಂದಾನ. ಕೊಂದಾರ ಅಂದಿಲ್ಲ."

"ಯಾಂವ ಹೇಳ್ದ ನಿನಗ?"

ಆಕೆ ನನ್ನತ್ತ ಕೈ ಮಾಡಿದಳು. ಊರಿಗೆ ಊರೇ ತಿರುಗಿ ನನ್ನನ್ನು ನೋಡಿತು. ನಾನು ಎಂದೂ ಅಷ್ಟು ಸಣ್ಣವನಾಗಿರಲಿಲ್ಲ. "ಇಂವ ಅಣಕಸಾವ," ಎಂದು ಯಾರೋ ನಕ್ಕರು. "ಕೋಳಿ ಹಂಗ ಕೂಗಲೇ!"

ತಂದೆಗೆ ನಗು ಬರಲಿಲ್ಲ. ಅವನು ತನ್ನ ಮಗನಿಗೆ ಕಪಾಳಕ್ಕೆ ಹೊಡೆದಿದ್ದನಂತೆ, ಗೊತ್ತುಮಾಡಿದ ಹುಡುಗಿ ಬೇಡವೆಂದದ್ದಕ್ಕೆ. ಹೊಡೆದ ಆ ಕೈಯಲ್ಲೇ ಈಗ ಕೊಯ್ತಾ ಇತ್ತು. ಅದನ್ನು ಕೆಳಗಿಟ್ಟರೆ ಕೈಗೆ ಏನು ಕೆಲಸ ಉಳಿಯುತ್ತಿತ್ತೋ. ಇಡಲಿಲ್ಲ. ತಾಯಿ ಹೋಗಿ, ಚಾಲಕನ ಮನೆಯ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಹೊಸ್ತಿಲ ಮೇಲೆ ಕೂತಳು. ಮಂದಿ ಗುಸುಗುಸು ಎಂದರು. ಒಳಗಿನಿಂದ ಚಾಲಕನ ತಾಯಿ ಏನೋ ಅಂದಳು, ಕೇಳಿಸಲಿಲ್ಲ.

ಆಮೇಲೆ ಹಾಡು ಕೇಳಿಸಿತು. ಮೊದಲು ಹಾಡು, ಆಮೇಲೆ ಟ್ರ್ಯಾಕ್ಟರು. ಖಾಲಿ ಟ್ರೇಲರ್ ಎರಡು ಹಿಂದೆ ಕುಣಿಯುತ್ತ, ಮುಂದೆ ಬಣ್ಣದ ಗೊಂಡೆಗಳು ಹಾರುತ್ತ, ಟ್ರ್ಯಾಕ್ಟರ್ ಹುಡುಗ ಊರೊಳಗೆ ಬಂದ. ಮಂದಿ ಕಂಡು ಕೈ ಎತ್ತಿದ, ಯಾರದೋ ಮದುವೆ ಎಂದುಕೊಂಡಂತೆ. ಇಳಿದ. ತಂದೆ ಅವನ ಅಂಗಿ ಹಿಡಿದ. ಏನು ಕೇಳಿದನೋ, ಅವನು ಏನು ಅಂದನೋ, ಹಾಡಿನ ಗದ್ದಲದಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ಬಾಯಿಗಳು ಮಾತ್ರ ಆಡುತ್ತಿದ್ದವು. ಗೆಳೆಯ ಟ್ರ್ಯಾಕ್ಟರ್ ಹತ್ತಿ ಸ್ಪೀಕರಿನ ತಂತಿಯನ್ನೇ ಕಿತ್ತ.

ಸದ್ದು ನಿಂತದ್ದೇ ತಾಯಿಯ ಮಾತು ಕೇಳಿತು. ಆಕೆ ಹೊಸ್ತಿಲು ಬಿಟ್ಟು ಬಂದು ಇಬ್ಬರ ನಡುವೆ ಮೈ ತೂರಿಸಿ ನಿಂತಿದ್ದಳು.

"ನನ್ನ ಮಗ ಎಲ್ಲಿ ಅದಾನೋ?"

"ಯತ್ತೀ..." ಹುಡುಗ ಒಮ್ಮೆ ಕೊಯ್ತಾ ನೋಡಿದ. "ಹೇಳಬ್ಯಾಡ ಅಂತ ಆಣಿ ತೊಗೊಂಡಾನ. ಸೊನ್ನದಾಗ ಮೀನ ಹಿಡ್ಯಾವ್ರ ಹಂತೇಲಿ ಬಿಟ್ಟ ಬಂದೀನಿ. ಅಪ್ಪನ ಸಿಟ್ಟ ಇಳಿದ ಮ್ಯಾಲ ಬರ್ತೇನಿ ಅಂದ."

"ಸುಳ್ಳ!" ಎಂದ ತಂದೆ. ಅಂಗಿಯ ಗುಂಡಿ ಹಾರಿತು. ಕೊಯ್ತಾ ಹಿಡಿದ ಕೈಗೆ ಗೆಳೆಯ ಜೋತುಬಿದ್ದ, ಮತ್ತಿಬ್ಬರು ಕೂಡಿದರು, ಆದರೆ ಹಿಂದಿನಿಂದ ಇನ್ನು ಕೆಲವರು, "ಬಿಡಬ್ಯಾಡ್ರಿ, ಕೇಳ್ರಿ ಅವಗ ಹೆಣ ಎಲ್ಲದ ಅಂತ!" ಎಂದು ಒತ್ತಿಕೊಂಡು ಬಂದರು. ಹುಡುಗನ ಬೆನ್ನು ಟ್ರ್ಯಾಕ್ಟರಿನ ಗಾಲಿಗೆ ತಾಗಿತು. ಅವನ ತಾಯಿ ಒಳಗಿನಿಂದ ಚಿಲಕ ತೆಗೆಯುವ ಸದ್ದು.

ಆಗ ಕಾಣೆಯಾದವನ ತಾಯಿಯ ಕೈಯಲ್ಲಿದ್ದ ಮೊಬೈಲು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಆಕೆ ಒಮ್ಮೆ ಅದನ್ನು ನೋಡಿ, ನನ್ನ ಕೈಗೆ ತುರುಕಿದಳು. ನಾನು ಸ್ಪೀಕರ್ ಮೇಲೆ ಹಾಕಿ ಎತ್ತಿ ಹಿಡಿದೆ.

"ತಂಗೀ, ಹಾಟೆಲ್‍ದವನ ಫೋನಿಂದ ಮಾತಾಡಾಕತ್ತೇನಿ. ಸಿಕ್ಕ. ಚಲೋ ಅದಾನ. ಇಲ್ಲೇ ನನ್ನ ಬಾಜೂ ಕುಂತಾನ."

ಆಮೇಲೆ ಹಿಂದಿನಿಂದ ಒಬ್ಬ ಕೂಗಿದ: "ಆ ಅಣಕಸಾವನ ಮಾಡಾಕತ್ತಾನ! ನೋಡ್ರಿ, ಫೋನ್ ಅವನ ಕೈಯಾಗ ಅದ!"

ನನ್ನ ಜನ್ಮದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದು, ಸಿಗಬಾರದ ಹೊತ್ತಿನಲ್ಲಿ. 'ನಾನಲ್ಲ' ಎನ್ನಲು ಬಾಯಿ ತೆರೆದೆ, ತೆರೆದದ್ದೇ ತಪ್ಪಾಯಿತು. "ಬಾಯಿ ಆಡ್ತದ, ನೋಡ್ರಿ!" ಎಂದರು. ತಂದೆಯ ಕಣ್ಣು ನನ್ನ ಬಾಯಿಗೂ ಫೋನಿಗೂ ಓಡಾಡಿತು. ಅವನಿಗೆ ನಂಬಬೇಕಿತ್ತು. ನಂಬಲು ಭಯ.

ತಾಯಿ ನನ್ನ ತುಟಿಗಳನ್ನೇ ನೋಡಿದಳು, ಒಂದು ಗಳಿಗೆ. ಆಮೇಲೆ ತನ್ನ ಬಲಗೈ ಎತ್ತಿ, ಅಂಗೈಯನ್ನು ನನ್ನ ಬಾಯಿಗೆ ಗಟ್ಟಿಯಾಗಿ ಒತ್ತಿದಳು. ಹಲ್ಲು ತುಟಿಗೆ ನಾಟಿತು. ಎಲ್ಲರಿಗೂ ಕಾಣುವಂತೆ ನನ್ನ ಮುಖವನ್ನು ಮಂದಿಯ ಕಡೆ ತಿರುಗಿಸಿದಳು.

"ಇವನ ಬಾಯಿ ಮುಚ್ಚೀನಿ," ಎಂದಳು ಫೋನಿಗೆ. "ಈಗ ಅವಗ ಮಾತಾಡಾಕ ಹಚ್ಚು."

ಗಾಳಿಯ ಸದ್ದು. ನೀರಿನ ಸದ್ದು. ಯಾರೋ ಮೂಗು ಸೇದಿದರು.

"ಯವ್ವಾ."

ಆಕೆಯ ಅಂಗೈ ನನ್ನ ಬಾಯಿಯ ಮೇಲಿಂದ ಕದಲಲಿಲ್ಲ.

"ಇನ್ನೊಮ್ಮಿ ಅನ್ನು."

"ಯವ್ವಾ... ಅಪ್ಪ ಇನ್ನೂ ಸಿಟ್ಟೀಲೇ ಅದಾನೇನು?"

ಕೊಯ್ತಾ ನೆಲಕ್ಕೆ ಬಿದ್ದ ಸದ್ದು ಕೇಳಿತು. ತಂದೆ ಅಲ್ಲೇ ಗಾಲಿಯ ಬುಡದಲ್ಲಿ ಕುಕ್ಕರಿಸಿ, ಟ್ರ್ಯಾಕ್ಟರ್ ಹುಡುಗನ ಮೊಣಕಾಲು ಹೇಗೋ ಹಿಡಿದುಕೊಂಡ. ಹುಡುಗ ಏನು ಮಾಡಬೇಕೆಂದು ತಿಳಿಯದೆ ಕೈ ಎರಡೂ ಮೇಲೆತ್ತಿ ನಿಂತ. ತಾಯಿ ಫೋನಿನತ್ತ ಬಾಗಿ ಮಗನನ್ನು ಬೈಯತೊಡಗಿದಳು, ಕತ್ತೆ, ಮಂಗ್ಯಾ, ನಾಯಿ, ಒಂದನ್ನೂ ಬಿಡದೆ, ಅಳುತ್ತ. ಅತ್ತ ಕಡೆಯಿಂದ ಅವನು ಹೂಂ ಹೂಂ ಎನ್ನುತ್ತಿದ್ದ. ನನ್ನ ಬಾಯಿ ಮಾತ್ರ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ. ಆಕೆಯ ಬೆರಳುಗಳ ಸಂದಿಯಿಂದ ಮೂಗಿನಲ್ಲೇ ಉಸಿರಾಡುತ್ತ, ಫೋನು ಎತ್ತಿ ಹಿಡಿದು, ಆ ಬೈಗುಳ ಮುಗಿಯುವ ತನಕ ನಿಂತೆ.